ಸ್ಥೌಲ್ಯಕ್ಕೆ ಕೀಟೊ ಆಹಾರ: ಒಂದು ವಿವೇಚನೆ

ಮೈತೂಕ ಇಳಿಸಿಕೊಳ್ಳಲು ಕೀಟೊ ಆಹಾರವನ್ನು ಅನುಸರಿಸಬಹುದೇ ಎಂದು ಕಳೆದ ನಾಲ್ಕೈದು ವರ್ಷಗಳಿಂದ ಅನೇಕ ಸದ್ಭಕ್ತರು ನನ್ನನ್ನು ಕೇಳುತ್ತ ಬಂದಿದ್ದಾರೆ. ಮೊದಲು ಬೆಂಗಳೂರು, ಪುಣೆಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಇದನ್ನು ಕೈಗೊಂಡರು. ಈಗ ಅವರನ್ನು ನೋಡಿ ಊರಿನಲ್ಲಿರುವ ತಂದೆತಾಯಿಗಳೂ ರೊಟ್ಟಿ, ಅನ್ನಗಳನ್ನು ತ್ಯಜಿಸಿ ತುಪ್ಪ, ಪನೀರು, ಬಾದಾಮಿಗಳನ್ನು ಆಶ್ರಯಿಸತೊಡಗಿದ್ದಾರೆ. ಮಕ್ಕಳ ವಯಸ್ಸು ಮೂವತ್ತು. ಅವರಿಗೆ ನಿತ್ಯದ ಔಷಧವೆಂಬುದಿಲ್ಲ. ತಂದೆತಾಯಿಗಳ ವಯಸ್ಸು ಅರವತ್ತು. ಅವರ ಚೀಲದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯೂ ರಕ್ತದೊತ್ತಡದ ಮಾತ್ರೆಯೂ ಇರುತ್ತವೆ. ಒಂದೇ ಆಹಾರಕ್ರಮವು ಈ ಎರಡು ದೇಹಗಳಲ್ಲಿ ಒಂದೇ ಫಲವನ್ನು ಕೊಡುವುದಿಲ್ಲ. ಎರಡನೆಯವರಲ್ಲಿ ಅದು ಪ್ರಾಣಾಪಾಯಕ್ಕೂ ದಾರಿಯಾಗಬಲ್ಲದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸೋಣ.

ಮೂರ್ಛೆರೋಗಕ್ಕೆ ಹುಟ್ಟಿದ ಪಥ್ಯ

ಕೀಟೊ ಆಹಾರವು ತೂಕ ಇಳಿಸುವುದಕ್ಕಾಗಿ ಹುಟ್ಟಿದ್ದಲ್ಲವೆಂಬುದು ಬಹುಜನರಿಗೆ ತಿಳಿದಿಲ್ಲ. ಉಪವಾಸವಿದ್ದಾಗ ಅಪಸ್ಮಾರದ ಸೆಳೆತಗಳು ಕಡಿಮೆಯಾಗುತ್ತವೆ ಎಂಬುದು ಪ್ರಾಚೀನ ಕಾಲದಿಂದಲೂ ವೈದ್ಯರ ಗಮನಕ್ಕೆ ಬಂದಿದ್ದ ಸಂಗತಿ. ಆದರೆ ಬೆಳೆಯುವ ಮಗುವನ್ನು ಎಷ್ಟು ದಿನ ಉಪವಾಸ ಇಡಲು ಸಾಧ್ಯ? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅವರು ಇದಕ್ಕೊಂದು ಉಪಾಯವನ್ನು ಸೂಚಿಸಿದರು. ಪಿಷ್ಟವನ್ನು ಬಹುಪಾಲು ತೆಗೆದು ಕೊಬ್ಬನ್ನೇ ಮುಖ್ಯ ಆಹಾರವಾಗಿ ಕೊಟ್ಟರೆ ದೇಹವು ಉಂಡೂ ಉಪವಾಸದಲ್ಲಿರುವಂತೆ ವರ್ತಿಸುತ್ತದೆ ಎಂಬುದು ಅವರ ತರ್ಕ. ಮುಂದೆ ರೂಢಿಗೆ ಬಂದ ಕ್ರಮದಲ್ಲಿ ತೂಕದ ಲೆಕ್ಕದಿಂದ 4 ಪಾಲು ಕೊಬ್ಬು, ಪ್ರೋಟೀನ್ ಮತ್ತು ಪಿಷ್ಟ ಎರಡೂ ಸೇರಿ 1 ಪಾಲು. ಪ್ರತಿ ತುತ್ತನ್ನೂ ತಕ್ಕಡಿಯಲ್ಲಿ ತೂಗಿ ಕೊಡಬೇಕಾದ ಪಥ್ಯವದು.

1938ರಲ್ಲಿ ಫೆನಿಟಾಯಿನ್ ಎಂಬ ಔಷಧ ಬಂದ ಮೇಲೆ ಈ ಕಷ್ಟದ ಪಥ್ಯ ಹಿಂದೆ ಸರಿಯಿತು. ಮಾತ್ರೆಗಳಿಗೆ ಬಗ್ಗದ ಮಕ್ಕಳ ಮೂರ್ಛೆರೋಗದಲ್ಲಿ 1990ರ ದಶಕದಿಂದ ಪುನಃ ಬಳಕೆಗೆ ಬಂದಿತು. 2008ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಅಂತಹ 145 ಮಕ್ಕಳನ್ನು ಎರಡು ಗುಂಪು ಮಾಡಲಾಗಿತ್ತು. ಮೂರು ತಿಂಗಳ ತರುವಾಯ ಪಥ್ಯದಲ್ಲಿದ್ದ ಮಕ್ಕಳ ಸೆಳೆತಗಳು ಮೊದಲಿದ್ದುದರ ಶೇ. 62ಕ್ಕೆ ಇಳಿದಿದ್ದವು, ಪಥ್ಯವಿಲ್ಲದ ಮಕ್ಕಳಲ್ಲಿ ಶೇ. 137ಕ್ಕೆ ಏರಿದ್ದವು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಅಲ್ಲಿ ಮಗುವಿನ ಪಕ್ಕದಲ್ಲಿ ವೈದ್ಯರೂ ಆಹಾರತಜ್ಞರೂ ಇದ್ದರು, ರಕ್ತಪರೀಕ್ಷೆ ನಡೆಯುತ್ತಿತ್ತು. ಇಂದು ಮೊಬೈಲ್ ನೋಡಿ ಆರಂಭಿಸುವವರು ಆ ಪಥ್ಯದ ತುಪ್ಪವನ್ನು ಮಾತ್ರ ತೆಗೆದುಕೊಂಡು ತಕ್ಕಡಿಯನ್ನೂ ವೈದ್ಯರನ್ನೂ ಬಿಟ್ಟಿದ್ದಾರೆ.

ತೂಕ ಇಳಿಸಲು ಪಿಷ್ಟವನ್ನು ಬಿಡುವ ಪದ್ಧತಿಯ ಕಥೆ ಬೇರೆಯೇ ಇದೆ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವರು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ತ್ಯಜಿಸಿ ತಾವು ತೆಳ್ಳಗಾದ ಬಗೆಯನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದರು. 1972ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಅಟ್ಕಿನ್ಸ್ ಅದೇ ಮಾರ್ಗದ ಪುಸ್ತಕವನ್ನು ಹೊರತಂದರು. ಇಂದಿನ ಕೀಟೊ ಇವೆರಡು ಧಾರೆಗಳು ಕೂಡಿ ಆದದ್ದು.

ದೇಹದೊಳಗೆ ನಡೆಯುವುದೇನು?

ನಾವು ಉಣ್ಣುವ ಜೋಳ, ಅಕ್ಕಿ, ಗೋಧಿಗಳ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಅದರಲ್ಲಿ ಸುಮಾರು 100 ಗ್ರಾಂ ಯಕೃತ್ತಿನಲ್ಲಿಯೂ 400 ಗ್ರಾಂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ದಾಸ್ತಾನಾಗಿರುತ್ತದೆ. ಪಿಷ್ಟವನ್ನು ದಿನಕ್ಕೆ 50 ಗ್ರಾಮಿಗಿಂತ ಕೆಳಗೆ, ಕಟ್ಟುನಿಟ್ಟಿನ ಕ್ರಮದಲ್ಲಿ 20 ಗ್ರಾಮಿಗೆ ಇಳಿಸಿದಾಗ ಈ ದಾಸ್ತಾನು ಬರಿದಾಗುತ್ತ ಬರುತ್ತದೆ. ಇನ್ಸುಲಿನ್ ತಗ್ಗುತ್ತದೆ. ಕೊಬ್ಬಿನ ಕೋಶಗಳು ಸಡಿಲಗೊಂಡು ಮೇದಾಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ. ಯಕೃತ್ತು ಅವುಗಳನ್ನು ಕೀಟೋನ್‌ಗಳೆಂಬ ಇಂಧನವಾಗಿ ಪರಿವರ್ತಿಸುತ್ತದೆ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಡುವ ಮೆದುಳು ಕೂಡ ಆಗ ತನ್ನ ಅಗತ್ಯದ ಬಹುಪಾಲನ್ನು ಕೀಟೋನ್‌ಗಳಿಂದ ಪೂರೈಸಿಕೊಳ್ಳಲು ಕಲಿಯುತ್ತದೆ. ಇದು ದೇಹದ ಸಹಜ ಶಕ್ತಿಯೇ ಹೊರತು ವಿಕಾರವಲ್ಲ.

ಮೊದಲ ವಾರದಲ್ಲಿ ಎರಡು ಮೂರು ಕಿಲೋ ಇಳಿಯಿತೆಂದು ಹಿಗ್ಗುವವರು ಒಂದು ಮಾತನ್ನು ತಿಳಿಯಬೇಕು. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ. ದಾಸ್ತಾನು ಕರಗಿದಾಗ ಆ ನೀರು ಮೂತ್ರದ ಮೂಲಕ ಹೊರಹೋಗುತ್ತದೆ, ಅದರೊಡನೆ ಉಪ್ಪೂ ಹೋಗುತ್ತದೆ. ಆ ದಿನಗಳ ತಲೆನೋವು, ತಲೆಸುತ್ತು, ಕಾಲು ಸೆಳೆತ, ಬಾಯಿಯ ದುರ್ಗಂಧಗಳಲ್ಲಿ ಹೆಚ್ಚಿನವು ಈ ಬದಲಾವಣೆಯ ಲಕ್ಷಣಗಳು. ರಕ್ತದೊತ್ತಡದ ಮಾತ್ರೆಯನ್ನು ಹಳೆಯ ಪ್ರಮಾಣದಲ್ಲಿಯೇ ನುಂಗುತ್ತಿರುವ ಹಿರಿಯರು ಇಂತಹ ಸಮಯದಲ್ಲಿ ಬೆಳಗಿನ ಜಾವ ಎದ್ದು ನಿಂತೊಡನೆ ಕುಸಿದು ಬೀಳುವ ಸಂಭವವಿದೆ.

ಆನಂತರದ ಇಳಿಕೆ ಕೊಬ್ಬಿನದು. ಅದಕ್ಕೆ ಮುಖ್ಯ ಕಾರಣ ಹಸಿವು ತಗ್ಗುವುದು, ತಿನ್ನಬಹುದಾದ ಪದಾರ್ಥಗಳೂ ಕೆಲವೇ ಆಗುವುದು. ಒಟ್ಟಿನಲ್ಲಿ ಉಣ್ಣುವುದು ಕಡಿಮೆಯಾಗುತ್ತದೆ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರಲ್ಲಿ ನಡೆಸಿದ ಅಧ್ಯಯನ ಇಲ್ಲಿ ಉಲ್ಲೇಖನೀಯ. ಒಂದು ಗುಂಪಿಗೆ ಅಲ್ಪಪಿಷ್ಟದ, ಇನ್ನೊಂದಕ್ಕೆ ಅಲ್ಪಕೊಬ್ಬಿನ ಆಹಾರ. ಎರಡಕ್ಕೂ ಸಕ್ಕರೆ, ಮೈದಾಗಳನ್ನು ಬಿಟ್ಟು ತರಕಾರಿಯನ್ನು ಹೆಚ್ಚಿಸುವ ಸೂಚನೆ. ಒಂದು ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 6 ಕಿಲೋ, ಎರಡನೆಯದು 5.3 ಕಿಲೋ ಇಳಿದಿತ್ತು. ಇದು ಗಣನೆಗೆ ಬರುವ ವ್ಯತ್ಯಾಸವಲ್ಲವೆಂದು ಸಂಶೋಧಕರೇ ತಿಳಿಸಿದ್ದಾರೆ. ಆರಂಭದ ತಿಂಗಳುಗಳಲ್ಲಿ ಪಿಷ್ಟ ಬಿಟ್ಟವರು ಮುಂದಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ನಿಜ. ವರ್ಷ ಕಳೆಯುವಷ್ಟರಲ್ಲಿ ಆ ಮುನ್ನಡೆ ಕರಗುತ್ತದೆ.

ಚರಕಸಂಹಿತೆಯ ದೃಷ್ಟಿ

ಆಯುರ್ವೇದದಲ್ಲಿ ತುಪ್ಪಕ್ಕೆ ಉನ್ನತ ಸ್ಥಾನವಿರುವುದರಿಂದ ಕೀಟೊ ಆಹಾರವು ನಮ್ಮ ಶಾಸ್ತ್ರಕ್ಕೆ ಸಮ್ಮತವೆಂದು ಕೆಲವರು ಹೇಳುತ್ತಿದ್ದಾರೆ. ಈ ಮಾತಿಗೆ ಗ್ರಂಥಾಧಾರವಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಸ್ಥೌಲ್ಯವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಅತಿಯಾಗಿ ಉಣ್ಣುವುದು, ಗುರು, ಮಧುರ, ಶೀತ ಮತ್ತು ಸ್ನಿಗ್ಧ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ, ಚಿಂತೆಯಿಲ್ಲದಿರುವುದು ಇವುಗಳೊಂದಿಗೆ ಬೀಜಸ್ವಭಾವ ಅಂದರೆ ವಂಶಗುಣವನ್ನೂ ಚರಕಾಚಾರ್ಯರು ಕಾರಣವಾಗಿ ಹೇಳಿದ್ದಾರೆ. ಸ್ನಿಗ್ಧವೆಂದರೆ ಜಿಡ್ಡು, ಅದು ಇಲ್ಲಿ ರೋಗಕಾರಣಗಳ ಸಾಲಿನಲ್ಲಿದೆ. ಪಂಚಕರ್ಮದ ಪೂರ್ವದಲ್ಲಿ ತುಪ್ಪ ಕುಡಿಸುವ ಸ್ನೇಹಪಾನಕ್ಕೆ ಕೂಡ ಗರಿಷ್ಠ ಏಳು ದಿನಗಳ ಮಿತಿಯುಂಟು. ಆಗಲೂ ರೋಗಿಯ ಅಗ್ನಿಯನ್ನು ನೋಡಿ ಪ್ರಮಾಣವನ್ನು ನಿರ್ಧರಿಸಬೇಕು. ತಿಂಗಳಾನುಗಟ್ಟಲೆ ತುಪ್ಪವನ್ನೇ ಅನ್ನವಾಗಿಸಿಕೊಳ್ಳುವ ವಿಧಾನ ನಾನು ಓದಿದ ಸಂಹಿತೆಗಳಲ್ಲಿ ಸ್ಥೌಲ್ಯಕ್ಕೆ ಎಲ್ಲಿಯೂ ಇಲ್ಲ.

ಆದರೂ ಅದೇ ಅಧ್ಯಾಯದಲ್ಲಿರುವ ಒಂದು ಸೂಕ್ಷ್ಮ ವಿಚಾರವು ಕೀಟೊ ಏಕೆ ಫಲಿಸುತ್ತದೆ ಎಂಬುದರ ಮೇಲೆ ಬೆಳಕು ಚೆಲ್ಲುತ್ತದೆ. ಸ್ಥೂಲದೇಹಿಯಲ್ಲಿ ಮೇದಸ್ಸು ಸ್ರೋತಸ್ಸುಗಳನ್ನು ಮುಚ್ಚುವುದರಿಂದ ವಾಯುವು ಕೋಷ್ಠದಲ್ಲಿಯೇ ಸಂಚರಿಸುತ್ತ ಜಠರಾಗ್ನಿಯನ್ನು ಊದುತ್ತದೆ. ಆದ್ದರಿಂದ ಉಂಡದ್ದು ಬೇಗ ಅರಗಿ ಮತ್ತೆ ಹಸಿವಾಗುತ್ತದೆ ಎಂದು ಅಲ್ಲಿ ವಿವರಿಸಲಾಗಿದೆ. ಅಂದರೆ ಸ್ಥೂಲನು ಹೆಚ್ಚು ಉಣ್ಣುವುದು ಕೇವಲ ನಾಲಗೆಯ ಚಪಲದಿಂದಲ್ಲ, ಅವನ ಹಸಿವು ನಿಜವಾದದ್ದು. ಅವನನ್ನು ಗೇಲಿ ಮಾಡುವವರು ಇದನ್ನು ತಿಳಿಯಬೇಕು. ಆದುದರಿಂದಲೇ ಚಿಕಿತ್ಸೆಯ ಸೂತ್ರವಾಗಿ ಗುರುವೂ ಅಪತರ್ಪಣವೂ ಆದ ಆಹಾರವನ್ನು ವಿಧಿಸಲಾಗಿದೆ. ಹೊಟ್ಟೆಯಲ್ಲಿ ನಿಧಾನವಾಗಿ ಅರಗಿ ತೃಪ್ತಿ ಕೊಡಬೇಕು, ಆದರೆ ಮೇದಸ್ಸನ್ನು ಬೆಳೆಸಬಾರದು. ಜವೆಗೋಧಿ, ಹುರುಳಿ, ಹೆಸರು, ಮಜ್ಜಿಗೆ, ನೆಲ್ಲಿ, ತ್ರಿಫಲಾ, ಜೇನು ಇವು ಆಚಾರ್ಯರು ಸೂಚಿಸಿದ ದ್ರವ್ಯಗಳಲ್ಲಿ ಕೆಲವು. ಕೀಟೊ ಆಹಾರವು ಹಸಿವನ್ನು ಕೊಬ್ಬಿನಿಂದ ತಣಿಸುತ್ತದೆ. ನಮ್ಮ ಶಾಸ್ತ್ರವು ಕಾಳು, ನಾರು, ಕಷಾಯರಸಗಳಿಂದ ತಣಿಸುತ್ತದೆ. ಗುರಿ ಒಂದೇ, ಮಾರ್ಗ ಬೇರೆ. ಜೇನಿನ ಬಗ್ಗೆ ಒಂದು ಎಚ್ಚರಿಕೆ: ಮಧುಮೇಹವಿರುವವರಿಗೆ ಅದು ಸಕ್ಕರೆಯೇ. ಬೆಳಿಗ್ಗೆ ಬಿಸಿನೀರಿಗೆ ಎರಡು ಚಮಚ ಜೇನು ಬೆರೆಸಿ ಕುಡಿಯುವ ರೂಢಿಯನ್ನು ಅವರು ಬಿಡುವುದು ಲೇಸು.

ನಮ್ಮ ಶಾಕಾಹಾರಿ ತಾಟಿನ ಲೆಕ್ಕ

ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಬೇಕೆಂದಿಟ್ಟುಕೊಳ್ಳೋಣ. ಅದರಲ್ಲಿ ಪಿಷ್ಟ ಸುಮಾರು 34 ಗ್ರಾಂ. ಕಟ್ಟುನಿಟ್ಟಾದ ಕೀಟೊದಲ್ಲಿ ಇಡೀ ದಿನಕ್ಕೆ 20 ಗ್ರಾಂ ಮಾತ್ರ ಎಂದಮೇಲೆ ಒಂದು ರೊಟ್ಟಿಗೂ ಅಲ್ಲಿ ಜಾಗವಿಲ್ಲ. ಸಿರಿಧಾನ್ಯಗಳಿಗೂ ಇಲ್ಲ, ರಾಗಿ, ನವಣೆಗಳಲ್ಲಿ ಕೂಡ ಪಿಷ್ಟವೇ ಪ್ರಧಾನ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬೇಳೆಕಾಳಿನ ವಿಷಯ. ತೊಗರಿ, ಹೆಸರು, ಕಡಲೆಗಳಲ್ಲಿ ಪ್ರೋಟೀನ್ 20 ಗ್ರಾಮಿನ ಆಸುಪಾಸಿನಲ್ಲಿದ್ದರೂ ಪಿಷ್ಟವು ಶೇ. 50ರ ಮೇಲಿರುವುದರಿಂದ ಅವೂ ನಿಷಿದ್ಧವಾಗುತ್ತವೆ. ಮಾಂಸ, ಮೊಟ್ಟೆ ತಿನ್ನುವವರು ರೊಟ್ಟಿಯನ್ನು ಮಾತ್ರ ಬಿಡಬೇಕಾಗುತ್ತದೆ. ನಾವು ರೊಟ್ಟಿಯನ್ನೂ ಬೇಳೆಯನ್ನೂ ಒಟ್ಟಿಗೆ ಬಿಡಬೇಕಾಗುತ್ತದೆ. ಉಳಿಯುವುದು ಪನೀರು, ತುಪ್ಪ, ಕೊಬ್ಬರಿ, ಬಾದಾಮಿ, ಶೇಂಗಾ, ಸೊಪ್ಪು. ದಿನಕ್ಕೆ 60 ಗ್ರಾಂ ಪ್ರೋಟೀನ್ ಪನೀರೊಂದರಿಂದಲೇ ದೊರೆಯಬೇಕಾದರೆ 300 ಗ್ರಾಂ ತಿನ್ನಬೇಕು. ಮಧ್ಯಮವರ್ಗದ ಮನೆಯಲ್ಲಿ ಇದು ಎಷ್ಟು ತಿಂಗಳು ನಡೆದೀತು?

ಕೊಬ್ಬಿನ ಲೆಕ್ಕವನ್ನೂ ನೋಡಬೇಕು. 1500 ಕ್ಯಾಲರಿಯ ಆಹಾರದಲ್ಲಿ ಶೇ. 70ನ್ನು ಕೊಬ್ಬಿನಿಂದ ಪಡೆಯಲು ದಿನಕ್ಕೆ ಸುಮಾರು 115 ಗ್ರಾಂ ಕೊಬ್ಬು ಬೇಕು. ತಿಂಗಳಿಗೆ ಒಬ್ಬರಿಗೆ ಮೂರೂವರೆ ಕಿಲೋ ಆಯಿತು. ಅದರ ಹೆಚ್ಚಿನ ಪಾಲು ತುಪ್ಪ, ಬೆಣ್ಣೆ, ಪನೀರು, ತೆಂಗಿನೆಣ್ಣೆಗಳಿಂದ ಬಂದಾಗ ಕೆಲವರಲ್ಲಿ ಕೆಟ್ಟ ಕೊಲೆಸ್ಟೆರಾಲ್ ಎನಿಸಿದ ಎಲ್‌ಡಿಎಲ್ ತೀವ್ರವಾಗಿ ಏರುತ್ತದೆ. ತೆಳ್ಳಗಾದವರಲ್ಲಿಯೂ ಏರಬಹುದು, ಕನ್ನಡಿಯಲ್ಲಿ ಅದು ಕಾಣುವುದಿಲ್ಲ. ನಾರಿನಂಶ ಇಳಿಯುವುದರಿಂದ ಮಲಬದ್ಧತೆಯೂ ಸಾಮಾನ್ಯ.

ಯಾರು ಆರಂಭಿಸಲೇಬಾರದು

ಈ ಲೇಖನದಲ್ಲಿ ಉಳಿದದ್ದನ್ನು ಮರೆತರೂ ಈ ಭಾಗವನ್ನು ಮರೆಯಬಾರದೆಂದು ವಿನಂತಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಸೇವಿಸುವವರು ಒಮ್ಮೆಗೇ ಪಿಷ್ಟವನ್ನು ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬೆವರು, ನಡುಕ, ಗೊಂದಲ, ಕೊನೆಗೆ ಪ್ರಜ್ಞಾಹೀನತೆ. ಇದಕ್ಕಿಂತ ಹೆಚ್ಚು ಮೋಸಗೊಳಿಸುವುದು ಇನ್ನೊಂದು ವರ್ಗದ ಮಾತ್ರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರುಗಳನ್ನು ತಮ್ಮ ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಹುಡುಕಿ ನೋಡಿ. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಉತ್ತಮ ಔಷಧಗಳು. ಹೃದಯಕ್ಕೂ ಮೂತ್ರಪಿಂಡಕ್ಕೂ ಹಿತಕಾರಿ. ಈಗ ಅಗ್ಗವಾಗಿಯೂ ದೊರೆಯುವುದರಿಂದ ಹಳ್ಳಿಗಳಲ್ಲಿಯೂ ಬಳಕೆಯಲ್ಲಿವೆ. ಆದರೆ ಇವು ತಾವೇ ಕೀಟೋನ್‌ಗಳನ್ನು ಹೆಚ್ಚಿಸುತ್ತವೆ. ಅದರ ಮೇಲೆ ಕೀಟೊ ಆಹಾರವೂ ಸೇರಿದರೆ ಕೀಟೋನ್‌ಗಳು ಮಿತಿಮೀರಿ ರಕ್ತವು ಆಮ್ಲೀಯವಾಗಬಹುದು. ಇದನ್ನು ಕೀಟೊಆಸಿಡೋಸಿಸ್ ಎನ್ನುತ್ತಾರೆ. ಮನೆಯ ಯಂತ್ರದಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಅಂತಹ ಒಬ್ಬ ನಿವೃತ್ತ ಶಿಕ್ಷಕರನ್ನು ಅವರ ಮನೆಯವರು ನನ್ನಲ್ಲಿಗೆ ಕರೆತಂದಿದ್ದರು. ಎರಡು ದಿನದಿಂದ ವಾಂತಿ, ಹೊಟ್ಟೆನೋವು. ಸಕ್ಕರೆ 180 ಇದ್ದುದರಿಂದ ಪಿತ್ತವಾಗಿರಬೇಕೆಂದು ಭಾವಿಸಿ ಒಂದು ಕಷಾಯ ಕೇಳಿದರು. ಉಸಿರು ಆಳವಾಗಿ, ವೇಗವಾಗಿ ಏಳುತ್ತಿತ್ತು. ಬಾಯಿಯಲ್ಲಿ ಕೊಳೆತ ಹಣ್ಣಿನ ವಾಸನೆ. ವಿಚಾರಿಸಿದಾಗ ಹನ್ನೆರಡು ದಿನಗಳಿಂದ ಮಗನು ಹೇಳಿದಂತೆ ಕೀಟೊ ನಡೆಸಿದ್ದರು, ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಕಷಾಯದ ಮಾತು ಬಿಟ್ಟು ಅದೇ ವಾಹನದಲ್ಲಿ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಕಳುಹಿಸಿದೆ. ಐದು ದಿನಗಳ ಮೇಲೆ ಗುಣವಾಗಿ ಮನೆಗೆ ಬಂದರು. ಇನ್ನೊಂದು ರಾತ್ರಿ ತಡೆದಿದ್ದರೆ ಏನಾಗುತ್ತಿತ್ತೆಂದು ಹೇಳಲಾರೆ. ಈ ಮಾತ್ರೆ ಸೇವಿಸುವವರು ಶಿವರಾತ್ರಿಯ ಉಪವಾಸಕ್ಕೂ ಮುನ್ನ ತಮ್ಮ ವೈದ್ಯರನ್ನು ಕೇಳುವುದು ಅವಶ್ಯ.

ಮೂತ್ರಪಿಂಡದ ವೈಕಲ್ಯ ಅಥವಾ ಕಲ್ಲು, ಪಿತ್ತಕೋಶದ ಕಲ್ಲು, ಮೇದೋಜ್ಜೀರಕದ ಉರಿಯೂತ, ಯಕೃತ್ತಿನ ತೀವ್ರ ರೋಗ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಇವರಿಗೆ ತೂಕ ಇಳಿಸಲು ಈ ಆಹಾರ ಸಲ್ಲದು. ಮೊದಲನೆಯ ಬಗೆಯ ಮಧುಮೇಹಿಗಳಿಗಂತೂ ಸರ್ವಥಾ ಬೇಡ.

ನಾನು ಸೂಚಿಸುವ ಮಾರ್ಗ

ಕೀಟೊದ ಹಿಂದಿರುವ ಒಂದು ಸತ್ಯವನ್ನು ಮಾತ್ರ ತಳ್ಳಿಹಾಕಲಾಗದು. ನಾವು ಪಿಷ್ಟವನ್ನು ಅತಿಯಾಗಿ ಉಣ್ಣುತ್ತಿದ್ದೇವೆ. ನಮ್ಮ ಆಹಾರದ ಶಕ್ತಿಯಲ್ಲಿ ಶೇ. 60ಕ್ಕೂ ಮಿಕ್ಕಿ ಅದರಿಂದಲೇ ಬರುತ್ತದೆ. ಹೊಲದಲ್ಲಿ ದಿನವಿಡೀ ದುಡಿಯುವ ದೇಹಕ್ಕೆ ನಾಲ್ಕು ರೊಟ್ಟಿ, ಮೇಲೆ ಅನ್ನ ಸರಿಯಿತ್ತು. ದುಡಿಮೆ ನಿಂತಿದೆ, ರೊಟ್ಟಿಯ ಎಣಿಕೆ ಹಾಗೆಯೇ ಉಳಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಇಂಡಿಯಾಬ್ ಅಧ್ಯಯನದ 18,090 ವಯಸ್ಕರ ಆಹಾರವನ್ನು ವಿಶ್ಲೇಷಿಸಿದ ತಜ್ಞರು 2022ರಲ್ಲಿ ಮಾಡಿದ ಶಿಫಾರಸು ಕೀಟೊದಷ್ಟು ಉಗ್ರವಾದುದಲ್ಲ. ಪಿಷ್ಟವನ್ನು ಶೇ. 50ರಿಂದ 55ರ ಆಸುಪಾಸಿಗೆ ಇಳಿಸಿ ಪ್ರೋಟೀನನ್ನು ಶೇ. 20ರ ಸಮೀಪಕ್ಕೆ ಏರಿಸಿದರೆ ಮಧುಮೇಹವನ್ನು ತಡೆಯಲೂ ಹೊಸದಾಗಿ ಬಂದದ್ದನ್ನು ಹಿಮ್ಮೆಟ್ಟಿಸಲೂ ನೆರವಾಗುತ್ತದೆ ಎಂಬುದು ಅವರ ಅಭಿಪ್ರಾಯ. ನಮ್ಮ ಅಡುಗೆಮನೆಯಲ್ಲಿ ಇದು ಸುಲಭಸಾಧ್ಯ.

ನಾಲ್ಕು ರೊಟ್ಟಿಯಿದ್ದಲ್ಲಿ ಎರಡು. ರೊಟ್ಟಿ ಉಂಡ ಮೇಲೆ ಅನ್ನ ಬೇಡ, ಅನ್ನ ಬೇಕಾದರೆ ಒಂದು ರೊಟ್ಟಿ ಕಡಿಮೆ. ಊಟವನ್ನು ಮೆಂತ್ಯ ಸೊಪ್ಪಿನ ಪಚಡಿ, ಸವತೆಕಾಯಿ, ಹೆಸರುಬೇಳೆಯ ಕೋಸಂಬರಿಗಳಿಂದ ಆರಂಭಿಸಬೇಕು. ಹೆಸರುಕಾಳು, ಮಡಿಕೆಕಾಳು, ಹುರುಳಿಯ ಪಲ್ಯ ಈಗ ಬಡಿಸುವುದರ ಎರಡರಷ್ಟು ಇರಲಿ. ಜುಣಕಕ್ಕೆ ಎಣ್ಣೆ ಮಿತವಾಗಿರಲಿ. ಅಗಸಿ, ಗುರೆಳ್ಳು ಚಟ್ನಿಪುಡಿ ಒಂದೊಂದು ಚಮಚ ಸಾಕು. ಎಷ್ಟೇ ಒಳ್ಳೆಯದಾದರೂ ಎಣ್ಣೆಕಾಳು ಎಣ್ಣೆಕಾಳೇ. ಕೆನೆ ತೆಗೆದ ಮಜ್ಜಿಗೆಗೆ ಶುಂಠಿ, ಜೀರಿಗೆ ಬೆರೆಸಿ ಕುಡಿಯಬಹುದು. ದಿನಕ್ಕೆ ಐದು ಸಲ ಚಹ ಕುಡಿಯುವವರು ಸಲಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡರೆ 40 ಗ್ರಾಂ ಆಯಿತು. ಕೀಟೊ ಮಾಡುವೆನೆಂದು ಹೊರಟವರು ಮೊದಲು ಇದೊಂದನ್ನು ಬಿಟ್ಟು ಮೂರು ತಿಂಗಳು ನೋಡಬೇಕೆಂದು ನಾನು ಹೇಳುತ್ತೇನೆ. ಊಟದ ಬಳಿಕ ಹತ್ತು ಹದಿನೈದು ನಿಮಿಷ ನಡೆಯುವುದು ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ದಾಸೋಹದಲ್ಲಿ ಕುಳಿತಾಗ ಪ್ರಸಾದವನ್ನು ತಾಟಿನಲ್ಲಿ ಬಿಡಬಾರದೆಂಬ ಭಾವದಿಂದ ಬಡಿಸಿದ್ದಷ್ಟನ್ನೂ ಉಣ್ಣುವವರಿದ್ದಾರೆ. ಬಡಿಸುವವರಿಗೆ ಮೊದಲೇ ಹೇಳಿ ಹುಗ್ಗಿಯನ್ನು ಒಂದು ಸೌಟಿಗೆ ಮಿತಿಗೊಳಿಸಿದರೆ ಎರಡೂ ನಡೆಯುತ್ತದೆ.

ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಿಂದ ಅಳೆಯಿರಿ. ಭಾರತೀಯರಲ್ಲಿ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮಿತಿ. ಇರುವ ತೂಕದ ಶೇ. 5ರಿಂದ 10 ಇಳಿದರೂ ಸಕ್ಕರೆ, ರಕ್ತದೊತ್ತಡಗಳು ಸುಧಾರಿಸುತ್ತವೆ.

ಯಾವ ರೋಗವೂ ಔಷಧವೂ ಇಲ್ಲದ ಯುವಕರು ಕೀಟೊವನ್ನೇ ಮಾಡಬೇಕೆಂದು ನಿಶ್ಚಯಿಸಿದರೆ ನಾನು ತಡೆಯುವುದಿಲ್ಲ. ಆರಂಭಕ್ಕೆ ಮೊದಲು ಸಕ್ಕರೆ, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಕೊಲೆಸ್ಟೆರಾಲ್ ನೋಡಿಸಬೇಕು, ಮೂರು ತಿಂಗಳಿಗೆ ಮತ್ತೊಮ್ಮೆ. ಎಲ್‌ಡಿಎಲ್ ಬಹಳ ಏರಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಆ ಅವಧಿಯಲ್ಲಿ ನೀರು ಧಾರಾಳವಾಗಿರಲಿ, ಉಪ್ಪನ್ನು ಪೂರ್ತಿ ಬಿಡುವುದು ಬೇಡ, ಎರಡು ಹೊತ್ತು ಸೊಪ್ಪು ತಪ್ಪದಿರಲಿ. ನಿಲ್ಲಿಸುವಾಗ ಮದುವೆಯ ಊಟದಿಂದ ನಿಲ್ಲಿಸಬಾರದು. ಮೊದಲ ವಾರ ಕಾಳಿನ ಪಲ್ಯ, ಎರಡನೆಯ ವಾರ ಅರ್ಧ ರೊಟ್ಟಿ, ಮೂರನೆಯ ವಾರ ಒಂದು, ಹೀಗೆ ಎರಡಕ್ಕೆ ಬಂದು ಅಲ್ಲಿಯೇ ನಿಲ್ಲಬೇಕು. ಆಗ ತೂಕದ ಯಂತ್ರವು ಒಂದೆರಡು ಕಿಲೋ ಹೆಚ್ಚು ತೋರಿಸುತ್ತದೆ. ಅದು ಗ್ಲೈಕೋಜನ್ ಜೊತೆಗೆ ಮರಳಿ ಬಂದ ನೀರು; ಗಾಬರಿಗೊಂಡು ಮತ್ತೆ ರೊಟ್ಟಿ ಬಿಡುವ ಅವಶ್ಯಕತೆಯಿಲ್ಲ.